ಹೊರಗೆ ಜಡಿಮಳೆ, ಮನೆಯೊಳಗೆ ನೀರೇ ಕುಡಿಯದ ಅಮ್ಮ. ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ?

ತೋಟದಮನೆ, ತೀರ್ಥಹಳ್ಳಿ ಕಡೆ

ಎಲ್ಲರಿಗೂ ನಮಸ್ಕಾರ. ಅಮ್ಮನ ವಿಷಯ ಕೇಳಬೇಕಿತ್ತು. ಎಪ್ಪತ್ತು ದಾಟಿದೆ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದು ಬಿಟ್ಟರೆ ಗಟ್ಟಿ ಇದ್ದಾರೆ, ಕೊಟ್ಟಿಗೆ ಕೆಲಸ ಈಗಲೂ ಅವರದ್ದೇ. ಮೊನ್ನೆ ಬೆಳಗ್ಗೆ ಹಾಸಿಗೆಯಿಂದ ಎದ್ದವರು ತಲೆ ತಿರುಗಿ ಗೋಡೆ ಹಿಡಿದು ಕೂತುಬಿಟ್ಟರು. ಡಾಕ್ಟರ್ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ನಿಂತಾಗ ತುಂಬಾ ಇಳಿಯುತ್ತಿತ್ತು. ಮೂತ್ರ ಪರೀಕ್ಷೆಯಲ್ಲಿ ಸೋಂಕೂ ಸಿಕ್ಕಿತು. ಮೈಯಲ್ಲಿ ನೀರು ಸಾಲದು ಅಂದರು.

ಆಗುಂಬೆ ನಮಗೆ ದೂರವಲ್ಲ. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ನಮ್ಮ ಬಾವಿಯಲ್ಲಿ ಈಗ ಕೈಯಲ್ಲೇ ನೀರು ಮೊಗೆಯಬಹುದು. ಇಂಥ ಊರಲ್ಲಿ ನೀರು ಸಾಲದೆ ಮನುಷ್ಯ ಬೀಳುವುದು ಅಂದರೆ ನಂಬುವುದು ಕಷ್ಟ. ಆದರೆ ಅಮ್ಮನ ಲೆಕ್ಕ ಕೇಳಿ. ಬೆಳಗ್ಗೆ ಒಂದು ಕಾಫಿ, ಮಧ್ಯಾಹ್ನ ಊಟದ ಜೊತೆ ಅರ್ಧ ಲೋಟ ನೀರು, ಸಂಜೆ ಇನ್ನೊಂದು ಕಾಫಿ. ಬೇಸಿಗೆಯಲ್ಲಿ ಹೀಗಿರಲಿಲ್ಲ. ಮಳೆ ಹಿಡಿದ ಮೇಲೆ ಹೀಗೆ.

ಕಾರಣ ಕೇಳಿದರೆ ಮೊದಲು ಹೇಳುವುದು 'ಚಳಿಗೆ ಬಾಯಾರಿಕೆಯೇ ಆಗಲ್ಲ' ಅಂತ. ಎರಡನೆಯದನ್ನು ಮೆಲ್ಲಗೆ ಹೇಳಿದರು. ನಮ್ಮ ಪಾಯಿಖಾನೆ ಅಂಗಳದ ಆಚೆ. ಪಾಚಿ ಕಟ್ಟಿ ಜಾರುತ್ತದೆ, ಕರೆಂಟು ಇರುವುದಿಲ್ಲ, ಕೊಡೆ ಹಿಡಿದುಕೊಂಡು ಹೋಗಬೇಕು. 'ಕುಡಿದರೆ ರಾತ್ರಿ ಎದ್ದು ಹೋಗಬೇಕಲ್ಲ ಮಗಾ' ಅಂದರು.

ನಿಮ್ಮ ಮನೆಗಳಲ್ಲಿ ಹಿರಿಯರಿಗೆ ಹೇಗೆ ಕುಡಿಸುತ್ತೀರಿ? ಸುಮ್ನೆ 'ನೀರು ಕುಡಿಯಮ್ಮ' ಅಂದರೆ ಕೇಳುವವರಲ್ಲ.

ಸಿಸ್ಟರ್, ಶಿವಮೊಗ್ಗ

ತೋಟದಮನೆ ಅಣ್ಣ, ನಿಮ್ಮ ಅಮ್ಮ ಹೇಳಿದ ಎರಡೂ ಮಾತು ನಿಜ. ನಾನು ವಾರ್ಡಿನಲ್ಲಿ ಕೆಲಸ ಮಾಡುವವಳು. ಜುಲೈ, ಆಗಸ್ಟ್‌ನಲ್ಲಿ ಇಂಥ ಅಜ್ಜ ಅಜ್ಜಿಯರು ಬರುತ್ತಲೇ ಇರುತ್ತಾರೆ.

ವಯಸ್ಸಾದ ಹಾಗೆ ಬಾಯಾರಿಕೆ ಮಂದವಾಗುತ್ತದೆ. ಮೈಗೆ ನೀರು ಬೇಕಾಗಿರುತ್ತದೆ, ಮಿದುಳು ಅದನ್ನು ಮೊದಲಿನಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ಜೊತೆಗೆ ಕಿಡ್ನಿಗೆ ಮೂತ್ರವನ್ನು ಮಂದ ಮಾಡಿ ನೀರು ಉಳಿಸುವ ಶಕ್ತಿಯೂ ಕಡಿಮೆಯಾಗುತ್ತದೆ. ಮೇಲಿಂದ ಚಳಿ. ಚಳಿಯಲ್ಲಿ ಚರ್ಮದ ರಕ್ತನಾಳ ಕಿರಿದಾಗಿ ರಕ್ತ ಒಳಗೆ ಸೇರುತ್ತದೆ. ಒಳಗೆ ರಕ್ತ ಜಾಸ್ತಿ ಇದೆ ಅಂತ ದೇಹ ತಿಳಿದುಕೊಂಡು ಬಾಯಾರಿಕೆ ಇಳಿಸುತ್ತದೆ, ಮೂತ್ರ ಏರಿಸುತ್ತದೆ. ಮಳೆಗಾಲದಲ್ಲಿ ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸುವುದು ಇದಕ್ಕೇ. ಅಂದರೆ ಹೋಗುವುದು ಜಾಸ್ತಿ, ಕುಡಿಯುವುದು ಕಡಿಮೆ.

ಬಿಪಿ ಮಾತ್ರೆಯ ಚೀಟಿ ನೋಡಿ. ಕೆಲವು ಬಿಪಿ ಮಾತ್ರೆಗಳಲ್ಲಿ ಮೂತ್ರ ಜಾಸ್ತಿ ಮಾಡುವ ಔಷಧ ಸೇರಿರುತ್ತದೆ. ಇದ್ದರೆ ನಿಂತಾಗ ಬಿಪಿ ಇಳಿಯುವ ವಿಷಯ ಡಾಕ್ಟರಿಗೆ ಮತ್ತೆ ಹೇಳಿ, ಡೋಸ್ ಅವರೇ ನೋಡಲಿ. ನೀವಾಗಿ ನಿಲ್ಲಿಸಬೇಡಿ.

ಇನ್ನೊಂದು ವಿಷಯ. ವಯಸ್ಸಾದವರಲ್ಲಿ ಚರ್ಮ ಚಿವುಟಿ ನೋಡುವುದರಿಂದ ಸರಿಯಾಗಿ ಗೊತ್ತಾಗುವುದಿಲ್ಲ, ಅವರ ಚರ್ಮ ಹೇಗೂ ಸಡಿಲವೇ. ನಾಲಿಗೆ ಒಣಗಿದೆಯಾ, ಮೂತ್ರ ಗಾಢ ಹಳದಿ ಬರುತ್ತಿದೆಯಾ, ಇಡೀ ಬೆಳಗ್ಗೆ ಮೂತ್ರಕ್ಕೇ ಹೋಗಿಲ್ಲವಾ, ಇದ್ದಕ್ಕಿದ್ದ ಹಾಗೆ ಮಂಕಾಗಿದ್ದಾರಾ, ಮಾತು ತಪ್ಪುತ್ತಿದೆಯಾ, ಇದನ್ನು ನೋಡಿ. 'ಅಜ್ಜಿಗೆ ಅರಳು ಮರಳು' ಅಂತ ಮನೆಯವರು ಸುಮ್ಮನಾಗುತ್ತಾರೆ. ಎಷ್ಟೋ ಸಲ ಅದು ನೀರು ಸಾಲದ್ದು, ಇಲ್ಲ ಮೂತ್ರದ ಸೋಂಕು. ಎರಡು ದಿನದಲ್ಲಿ ಹಾಗೆ ಬದಲಾದರೆ ತಡ ಮಾಡದೆ ಕರೆದುಕೊಂಡು ಹೋಗಿ.

ಅಪ್ಪೆಮಿಡಿ, ಸಾಗರ

ನೀರು ಅಂತ ಕೊಟ್ಟರೆ ನಮ್ಮ ಅತ್ತೆಯೂ ಕುಡಿಯುವುದಿಲ್ಲ. ಹಾಗಂತ ಕುಡಿಸಲು ಆಗುವುದಿಲ್ಲವಾ? ನಮ್ಮ ಕಡೆ ಯಾರೇ ಬಂದರೂ ಮೊದಲು 'ಆಸರಿಗೆ ಎಂತ ಬೇಕು', ಅಂದರೆ ಕುಡಿಯಲು ಏನು ಬೇಕು ಅಂತ ಕೇಳುತ್ತೇವೆ, ಬೆಲ್ಲ ನೀರು ಇಡುತ್ತೇವೆ. ಬಂದವರಿಗೆ ಕೇಳುವುದನ್ನು ಮನೆಯವರಿಗೂ ಕೇಳಬೇಕು ಅಷ್ಟೇ.

ನಾನು ಬೆಳಗ್ಗೆ ತಿಂಡಿಗೆ ಮೊದಲು ಒಂದು ಲೋಟ ಬಿಸಿ ನೀರು ಕೈಗೇ ಕೊಡುತ್ತೇನೆ. ಹತ್ತು ಗಂಟೆಗೆ ಕಷಾಯ, ಕೊತ್ತಂಬರಿ ಜೀರಿಗೆ ಹುರಿದು ಪುಡಿ ಮಾಡಿ ಇಟ್ಟುಕೊಂಡಿದ್ದು. ಊಟಕ್ಕೆ ಒಂದೆಲಗದ ತಂಬುಳಿ ತೆಳ್ಳಗೆ ಮಾಡಿದರೆ ಅನ್ನಕ್ಕೆ ಒಂದು ಸೌಟು, ಆಮೇಲೆ ಕುಡಿಯಲು ಅರ್ಧ ಲೋಟ. ಕೊನೆಗೆ ನೀರು ಮಜ್ಜಿಗೆ. ರಾತ್ರಿ ಗಂಜಿ. ಇದರಲ್ಲೇ ಎಷ್ಟು ನೀರು ಹೋಯಿತು ನೋಡಿ, 'ನೀರು ಕುಡಿ' ಅಂತ ಒಂದು ಸಲವೂ ಹೇಳಬೇಕಾಗಲಿಲ್ಲ. ಬೇಸಿಗೆಯಾದರೆ ಮುರುಗಲು ಪಾನಕ, ಅಪ್ಪೆಹುಳಿ. ಅಪ್ಪೆಹುಳಿಯಲ್ಲಿ ಉಪ್ಪು ಜಾಸ್ತಿ ಬೀಳುತ್ತದೆ. ಬಿಪಿ ಇರುವವರಿಗೆ ಅದು ಲೋಟಗಟ್ಟಲೆ ಬೇಡ.

ಸಾರನ್ನ ಊಟ ಮಾಡುವವರಿಗೂ ದಿನವಿಡೀ ಚಪಾತಿ ಪಲ್ಯ, ಬ್ರೆಡ್ಡು ತಿನ್ನುವವರಿಗೂ ಬೇಕಾಗುವ ನೀರು ಒಂದೇ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಸಿಸ್ಟರ್ ಹೇಳಲಿ.

ಸಿಸ್ಟರ್, ಶಿವಮೊಗ್ಗ

ಸರಿಯಾಗಿ ಹೇಳಿದಿರಿ ಅಕ್ಕ. ಊಟದಿಂದ ಬರುವ ನೀರೂ ಲೆಕ್ಕಕ್ಕೆ ಸೇರುತ್ತದೆ. ಗಂಜಿ, ಸಾರು, ಮಜ್ಜಿಗೆ, ಸೌತೆಕಾಯಿ, ಹಣ್ಣು ಎಲ್ಲವೂ. ನಮ್ಮ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯವರು ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ ಸುಮಾರು 2 ಲೀಟರ್, ಅಂದರೆ 8 ಲೋಟ ಅನ್ನುತ್ತಾರೆ. ಅದು ಒಂದು ಅಂದಾಜು. ಬಿಸಿಲಲ್ಲಿ ದುಡಿಯುವವರಿಗೆ ಅದು ಸಾಲದು, ದಿನಾ ಗಂಜಿ ಕುಡಿದು ಮನೆಯಲ್ಲೇ ಇರುವ ಅಜ್ಜಿಗೆ ಅಷ್ಟೂ ಬರೀ ನೀರೇ ಆಗಬೇಕಿಲ್ಲ. ಲೋಟ ಎಣಿಸುವುದಕ್ಕಿಂತ ಮೂತ್ರದ ಬಣ್ಣ ನೋಡುವುದು ಸುಲಭ. ತೆಳು ಹಳದಿ ಇದ್ದರೆ ಸಾಕು. ಗಾಢವಾಗಿದ್ದರೆ ಕುಡಿಯಬೇಕು. ಬಿ ಕಾಂಪ್ಲೆಕ್ಸ್ ಮಾತ್ರೆ ತೆಗೆದುಕೊಂಡ ದಿನ ಮಾತ್ರ ಬಣ್ಣ ನಂಬಬೇಡಿ, ಮಾತ್ರೆಯಿಂದಲೇ ಹಳದಿ ಹೊಡೆಯುತ್ತದೆ.

ಕಾಫಿಪ್ರಿಯ, ಕೊಪ್ಪ

ಕಾಫಿ ಮೈಯ ನೀರು ಎಳೆಯುತ್ತೆ, ಲೆಕ್ಕಕ್ಕಿಲ್ಲ ಅಂತಾರಲ್ಲ, ಹೌದಾ? ನಮ್ಮ ಮನೆಯಲ್ಲಿ ಬೆಳಗ್ಗೆಯಿಂದ ಕಾಫಿ ಪಾತ್ರೆ ಒಲೆ ಮೇಲಿಂದ ಇಳಿಯುವುದಿಲ್ಲ.

ಸಿಸ್ಟರ್, ಶಿವಮೊಗ್ಗ

ಮೂತ್ರ ಸ್ವಲ್ಪ ಜಾಸ್ತಿಯಾಗುತ್ತದೆ, ಆದರೆ ದಿನಾ ಕುಡಿಯುವವರಿಗೆ ಕುಡಿದಷ್ಟೂ ಹೊರಗೆ ಹೋಗುವುದಿಲ್ಲ. ಎರಡು ಮೂರು ಲೋಟ ಕಾಫಿ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಸಕ್ಕರೆ ಮತ್ತು ನಿದ್ದೆಯ ವಿಷಯ ಬೇರೆ. ಹೆಂಡಕ್ಕೆ ಮಾತ್ರ ಈ ಮಾತು ಸಲ್ಲದು. ನೀರು ಹಿಡಿದಿಡುವ ಹಾರ್ಮೋನನ್ನೇ ಅದು ತಡೆಯುತ್ತದೆ.

ಮಲೆನಾಡ ಮೇಷ್ಟ್ರು, ಹೊಸನಗರ

ತೋಟದಮನೆಯವರ ಅಮ್ಮ ಹೇಳಿದ ಎರಡನೇ ಕಾರಣ ಓದಿ ನನಗೆ ಶಾಲೆಯ ಹೆಣ್ಣುಮಕ್ಕಳು ನೆನಪಾದರು. ಅವರೂ ಇದನ್ನೇ ಮಾಡುತ್ತಾರೆ. ಬೆಳಗ್ಗೆ ಎಂಟಕ್ಕೆ ಬಸ್ಸು ಹಿಡಿಯುವ ಹುಡುಗಿ ಸಂಜೆ ಐದೂವರೆಗೆ ಮನೆಗೆ ಹೋಗುವವರೆಗೆ ಒಂದು ಹನಿ ನೀರು ಮುಟ್ಟುವುದಿಲ್ಲ. ಬಾಟಲಿ ತರುತ್ತಾರೆ, ತುಂಬಿದ್ದು ತುಂಬಿದ ಹಾಗೇ ವಾಪಸ್ ಹೋಗುತ್ತದೆ. ಹತ್ತನೇ ತರಗತಿ ಹುಡುಗಿ ಮಧ್ಯಾಹ್ನ ತಲೆನೋವು ಅಂತ ಡೆಸ್ಕಿಗೆ ತಲೆ ಇಟ್ಟರೆ ಓದಿನ ಒತ್ತಡ ಅನ್ನುತ್ತೇವೆ. ಮೈಯ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ನೀರು ಹೋದರೂ ಗಮನ ಕೆಡುತ್ತದೆ, ಸುಸ್ತಾಗುತ್ತದೆ, ತಲೆ ಸಿಡಿಯುತ್ತದೆ. ನಲವತ್ತು ಕೆಜಿ ತೂಗುವ ಹುಡುಗಿಗೆ ಅದು ಅರ್ಧ ಲೀಟರ್ ಆಸುಪಾಸು. ಬಿಸಿಲಲ್ಲಿ ಒಂದು ಖೋ ಖೋ ಆಟಕ್ಕೆ ಅಷ್ಟು ಬೆವರು ಹೋಗಿರುತ್ತದೆ.

ಕೇರಳದ ಶಾಲೆಗಳಲ್ಲಿ 2019ರಲ್ಲಿ ನೀರು ಕುಡಿಯಲೆಂದೇ ಬೆಲ್ ಹೊಡೆಯುವುದು ಶುರುವಾಯಿತು. ಒಳ್ಳೆಯ ಕೆಲಸ. ನಾವೂ ಹೊಡೆದೆವು. ಹುಡುಗರು ಕುಡಿದರು, ಹುಡುಗಿಯರು ಬಾಟಲಿ ತುಟಿಗೆ ತಾಗಿಸಿ ಇಟ್ಟರು. ಆಮೇಲೆ ಕಾರಣ ಹುಡುಕಿದರೆ ಶೌಚಾಲಯದ ಚಿಲಕ ಮುರಿದಿತ್ತು, ಒಳಗೆ ನೀರಿಲ್ಲ, ಮುಟ್ಟಾದವರಿಗೆ ಬಟ್ಟೆ ಎಸೆಯಲು ಒಂದು ಬುಟ್ಟಿಯೂ ಇಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಪೋಷಕರ ಮುಂದೆ ಇಟ್ಟೆವು. ಊರವರೇ ಟ್ಯಾಂಕಿನಿಂದ ಪೈಪ್ ಎಳೆದು ನಲ್ಲಿ ಕೂರಿಸಿದರು, ಚಿಲಕ ಹಾಕಿದರು. ಆ ಮೇಲಿಂದ ಬೆಲ್ಲಿಗೆ ಅರ್ಥ ಬಂತು.

ನನ್ನ ಅಭಿಪ್ರಾಯ ಇಷ್ಟು. ನಮ್ಮ ಕಡೆ ಕುಡಿಯುವ ನೀರಿಗೆ ಕೊರತೆ ಇಲ್ಲ. ಕುಡಿದ ಮೇಲೆ ಹೋಗಲು ಜಾಗವಿಲ್ಲ ಅಂತಲೇ ಜನ ಕುಡಿಯುವುದಿಲ್ಲ. ಅದರಲ್ಲೂ ಹೆಂಗಸರು. ಇದನ್ನು ಸರಿ ಮಾಡದೆ 'ನೀರು ಕುಡಿಯಿರಿ' ಅಂತ ಎಷ್ಟು ಭಾಷಣ ಮಾಡಿದರೂ ಪ್ರಯೋಜನವಿಲ್ಲ.

ದಿನಾ ಬಸ್ಸು, ರಿಪ್ಪನ್‌ಪೇಟೆ

ಮೇಷ್ಟ್ರೇ, ನೂರಕ್ಕೆ ನೂರು ನಿಜ. ನಾನು ಕೆಲಸಕ್ಕೆ ಶಿವಮೊಗ್ಗಕ್ಕೆ ಓಡಾಡುವವಳು. ಬಸ್ಸಿನಲ್ಲಿ ನನ್ನ ಜೊತೆ ಬರುವ ಹೆಂಗಸರಲ್ಲಿ ಯಾರೂ ಹೊರಡುವ ಮೊದಲು ನೀರು ಕುಡಿಯುವುದಿಲ್ಲ. ದಾರಿಯಲ್ಲಿ ಬಸ್ಸು ಟೀಗೆ ನಿಂತರೆ ಗಂಡಸರು ಇಳಿದು ಮರದ ಹಿಂದೆ ಹೋಗಿ ಬರುತ್ತಾರೆ. ನಾವು ಕೂತಲ್ಲೇ ಕೂತಿರುತ್ತೇವೆ. ದೊಡ್ಡ ನಿಲ್ದಾಣದಲ್ಲಿ ಶೌಚಾಲಯ ಇದೆ, ಆದರೆ ಒಳಗೆ ಕಾಲಿಡುವ ಹಾಗಿದ್ದರೆ ತಾನೇ? ಅದಕ್ಕೆ ಮೂರ್ನಾಲ್ಕು ಗಂಟೆ ತಡೆದುಕೊಳ್ಳುವುದು ಅಭ್ಯಾಸವಾಗಿದೆ. ನಮ್ಮ ಆಫೀಸಿನಲ್ಲಿ ಮೂವರಿಗೆ ಪದೇ ಪದೇ ಉರಿಮೂತ್ರ ಬರುತ್ತದೆ. ಮಾತ್ರೆ ನುಂಗುತ್ತಾರೆ, ಹೋಗುತ್ತದೆ, ಮತ್ತೆ ಬರುತ್ತದೆ.

ಸಿಸ್ಟರ್, ಕುಡಿಯದೆ ಇರುವುದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಸಿಸ್ಟರ್, ಶಿವಮೊಗ್ಗ

ಇದೆ. ಮೂತ್ರನಾಳದೊಳಗೆ ಸೇರಿದ ಬ್ಯಾಕ್ಟೀರಿಯಾವನ್ನು ಮೂತ್ರವೇ ತೊಳೆದು ಹೊರಗೆ ಹಾಕಬೇಕು. ಕುಡಿಯುವುದು ಕಡಿಮೆ, ತಡೆದುಕೊಳ್ಳುವುದು ಜಾಸ್ತಿ ಆದರೆ ಅವು ಅಲ್ಲೇ ಬೆಳೆಯುತ್ತವೆ. ಹೆಂಗಸರ ಮೂತ್ರನಾಳ ಗಿಡ್ಡ, ಅದಕ್ಕೆ ಬೇಗ ಮೇಲೆ ಹತ್ತುತ್ತವೆ. ಪದೇ ಪದೇ ಉರಿಮೂತ್ರ ಬರುವ, ಕಡಿಮೆ ನೀರು ಕುಡಿಯುವ ಹೆಂಗಸರಿಗೆ ದಿನಕ್ಕೆ 1.5 ಲೀಟರ್ ಜಾಸ್ತಿ ಕುಡಿಸಿ ಒಂದು ವರ್ಷ ನೋಡಿದ ಅಧ್ಯಯನ ಇದೆ. ಸೋಂಕು ಅರ್ಧಕ್ಕರ್ಧ ಇಳಿದಿತ್ತು. ಮಾತ್ರೆಯನ್ನು ಮಾತ್ರ ಅರ್ಧಕ್ಕೆ ಬಿಡಬೇಡಿ, ಹಳೇ ಚೀಟಿ ತೋರಿಸಿ ಅಂಗಡಿಯಲ್ಲಿ ಮತ್ತೆ ತೆಗೆದುಕೊಳ್ಳಬೇಡಿ. ಮೂತ್ರ ಪರೀಕ್ಷೆ ಮಾಡಿಸಿ. ಜ್ವರ, ನಡುಕ, ಸೊಂಟದ ಮೇಲ್ಗಡೆ ನೋವು ಬಂದರೆ ಸೋಂಕು ಕಿಡ್ನಿಗೆ ಹತ್ತಿರಬಹುದು, ಅದೇ ದಿನ ಹೋಗಿ.

ಕೊನೆಗೊಯ್ಲು, ಶೃಂಗೇರಿ ಕಡೆ

ತೋಟದ ಕೆಲಸದ ಬಗ್ಗೆ ಯಾರೂ ಬರೆಯಲಿಲ್ಲ. ಮಳೆಗಾಲದಲ್ಲಿ ಬೆವರುವುದಿಲ್ಲ ಅಂತ ಯಾರು ಹೇಳಿದರು? ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಯುವ ದಿನ ಬಂದು ನೋಡಿ. ಪ್ಲಾಸ್ಟಿಕ್ ಕೋಟು ಹಾಕಿ, ತಲೆಗೆ ಕಟ್ಟಿ, ಮರ ಹತ್ತಿದರೆ ಕೋಟಿನ ಒಳಗಿನ ಅಂಗಿ ಹಿಂಡಿದರೆ ನೀರು ಸುರಿಯುತ್ತದೆ. ಹೊರಗಿನ ಮಳೆಗೆ ಅದು ಬೆವರು ಅಂತ ಗೊತ್ತೇ ಆಗುವುದಿಲ್ಲ. ಗಾಳಿಯಲ್ಲೇ ಪಸೆ ತುಂಬಿರುವಾಗ ಬೆವರು ಆರುವುದೂ ಇಲ್ಲ, ಮೈ ತಣ್ಣಗಾಗುವುದೂ ಇಲ್ಲ, ಬರೀ ಸುರಿದು ಹೋಗುತ್ತದೆ.

ಮರ ಹತ್ತುವವರು ಕೆಲಸದ ಮಧ್ಯೆ ನೀರು ಕುಡಿಯಲು ಒಪ್ಪುವುದಿಲ್ಲ. ಹೊಟ್ಟೆ ಭಾರವಾಗುತ್ತದೆ, ಇಳಿದು ಹತ್ತಬೇಕು, ಹೊತ್ತು ಹೋಗುತ್ತದೆ ಅನ್ನುತ್ತಾರೆ. ಒಂದು ಮರದಿಂದ ಇನ್ನೊಂದಕ್ಕೆ ಮೇಲಿಂದ ಮೇಲೆಯೇ ದಾಟುವವರು ಅವರು. ಅಷ್ಟು ಎತ್ತರದಲ್ಲಿ ತಲೆ ತಿರುಗಿದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಾಲು ಸೆಟೆದುಕೊಂಡರೂ ಅಷ್ಟೇ.

ನಮ್ಮಲ್ಲಿ ಈಗ ಪದ್ಧತಿ ಮಾಡಿದ್ದೇವೆ. ಬೆಳಗ್ಗೆ ಹತ್ತುವ ಮೊದಲು ಗಂಜಿ ಉಪ್ಪಿನಕಾಯಿ. ಆಮೇಲೆ ಒಂದು ಸಾಲು ಮುಗಿದಾಗೆಲ್ಲ ಇಳಿಯಬೇಕು, ಉಪ್ಪು ಹಾಕಿದ ಮಜ್ಜಿಗೆ ಇಲ್ಲ ಬೆಲ್ಲದ ನೀರು ಒಂದು ಲೋಟ. ಹೊಟ್ಟೆ ತುಂಬ ಅಲ್ಲ, ಒಂದೇ ಲೋಟ. ಇಳಿದು ಹತ್ತುವ ಹೊತ್ತಿಗೂ ಸಂಬಳ ಇದೆ ಅಂತ ಮೊದಲೇ ಹೇಳಿದ್ದೇವೆ. ಅದನ್ನು ಹೇಳದಿದ್ದರೆ ಯಾರೂ ಇಳಿಯುವುದಿಲ್ಲ. ಮದ್ದಿನ ಕೈಯಲ್ಲಿ ಲೋಟ ಮುಟ್ಟಬಾರದು, ಸೋಪು ಹಾಕಿ ತೊಳೆದ ಮೇಲೆಯೇ. ಮದ್ದಿನಲ್ಲಿರುವ ಮೈಲುತುತ್ತ ಹೊಟ್ಟೆಗೆ ಹೋದರೆ ವಾಂತಿ ಗ್ಯಾರಂಟಿ. ಕುಡಿಯುವ ಕೊಡವನ್ನು ಮದ್ದು ಕಲಸುವ ಡ್ರಮ್ಮಿನ ಹತ್ತಿರ ಇಡುವುದೂ ಬೇಡ.

ಚಳಿಗಾಲದಲ್ಲಿ ಅಡಿಕೆ ಬೇಯಿಸುವವರದ್ದೂ ಇದೇ ಕಥೆ. ಹಂಡೆಯ ಹಬೆ, ಒಲೆಯ ಉರಿ, ಎದುರಿಗೇ ನಿಂತಿರುತ್ತಾರೆ. ಹೊರಗೆ ಇಬ್ಬನಿ ಇರುವುದರಿಂದ ಯಾರಿಗೂ ನೀರಿನ ನೆನಪಾಗುವುದಿಲ್ಲ.

ಫಿಟ್ ಹುಡುಗ, ವಿನೋಬನಗರ

ನಾನು ಜಿಮ್‌ಗೆ ಹೋಗುತ್ತೇನೆ. ನಮ್ಮಲ್ಲಿ ದಿನಕ್ಕೆ 5 ಲೀಟರ್ ಚಾಲೆಂಜ್ ನಡೆಯುತ್ತಿದೆ. ಬೆಳಗ್ಗೆ ಎದ್ದ ತಕ್ಷಣ ಒಂದೇ ಉಸಿರಿಗೆ ಒಂದೂವರೆ ಲೀಟರ್ ಕುಡಿದರೆ ವಿಷವೆಲ್ಲ ಹೊರಗೆ ಹೋಗುತ್ತದೆ, ಚರ್ಮ ಹೊಳೆಯುತ್ತದೆ ಅನ್ನುತ್ತಾರೆ. ಜಾಸ್ತಿ ಕುಡಿದರೆ ನಷ್ಟ ಏನೂ ಇಲ್ಲ ಅಲ್ವಾ?

ಸಿಸ್ಟರ್, ಶಿವಮೊಗ್ಗ

ಇದೆ ತಮ್ಮಾ. ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ, ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ವಾಪಸ್ ಹೀರಿಕೊಂಡು ಒಂದೆರಡು ಲೀಟರ್ ಮಾತ್ರ ಹೊರಗೆ ಕಳಿಸುತ್ತದೆ. ಹೊರಗೆ ಹಾಕಬೇಕಾದ್ದನ್ನು ಅದು ದಿನಾ ಹಾಕುತ್ತಲೇ ಇದೆ, ಅದಕ್ಕೆ ಒಂದೇ ಉಸಿರಿನ ನೀರು ಬೇಕಾಗಿಲ್ಲ. ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನ ಆಸುಪಾಸು ಅದು ಹೊರಗೆ ಹಾಕಬಲ್ಲದು. ಅದಕ್ಕಿಂತ ಜೋರಾಗಿ ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ತೆಳುವಾಗುತ್ತದೆ, ಮಿದುಳು ಊದಿಕೊಳ್ಳುತ್ತದೆ. ಮೊದಲು ತಲೆನೋವು, ವಾಂತಿ, ಆಮೇಲೆ ಗೊಂದಲ, ಫಿಟ್ಸ್. ದೂರದ ಓಟದಲ್ಲಿ ಬರೀ ನೀರು ಕುಡಿಯುತ್ತಾ ಹೋದವರು ಹೀಗೆ ಸತ್ತಿದ್ದೂ ಇದೆ. ಪಂದ್ಯ ಕಟ್ಟಿ ನೀರು ಕುಡಿಯುವುದು ಖಂಡಿತ ಬೇಡ.

8 ಲೋಟದ ಮಾತು ಎಲ್ಲಿಂದ ಬಂತು ಅಂತ ಹುಡುಕಿದವರು 1945ರ ಒಂದು ಅಮೆರಿಕನ್ ಶಿಫಾರಸನ್ನು ತೋರಿಸುತ್ತಾರೆ. ದಿನಕ್ಕೆ ಎರಡೂವರೆ ಲೀಟರ್ ಬೇಕು ಅಂತ ಅದರಲ್ಲಿತ್ತು. ಅದರಲ್ಲಿ ಬಹುಪಾಲು ಊಟದಲ್ಲೇ ಇರುತ್ತದೆ ಅಂತಲೂ ಅಲ್ಲೇ ಬರೆದಿದ್ದರು. ಮುಂದಿನ ಸಾಲನ್ನು ಜನ ಓದಲಿಲ್ಲ. ನೀನು ವಯಸ್ಸಿನ ಹುಡುಗ, ನಿನಗೆ ಬಾಯಾರಿಕೆ ಸರಿಯಾಗಿ ಹೇಳುತ್ತದೆ, ಅದನ್ನು ಕೇಳು. ಜಿಮ್‌ನಲ್ಲಿ ಬೆವರಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಕುಡಿ.

ಕಲ್ಲಿನ ನೋವು, ಭದ್ರಾವತಿ

ನಾನು ಕುಲುಮೆ ಎದುರು ಕೆಲಸ ಮಾಡುವವನು. ಕಿಡ್ನಿಯಲ್ಲಿ ಕಲ್ಲಾಗಿ ಆ ನೋವು ತಿಂದಿದ್ದೇನೆ. ಶತ್ರುವಿಗೂ ಬೇಡ. ನಮ್ಮ ಡಾಕ್ಟರ್ ಹೇಳಿದ್ದು, ಎಷ್ಟು ಕುಡಿದೆ ಅಂತ ನೋಡಬೇಡ, ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗಬೇಕು ಅಷ್ಟೇ ನೋಡು ಅಂತ. ಬೆವರು ಜಾಸ್ತಿ ಇರುವ ನನ್ನಂಥವರಿಗೆ ಅದಕ್ಕೆ ಮೂರೂವರೆ ನಾಲ್ಕು ಲೀಟರ್ ಕುಡಿಯಬೇಕಾಗುತ್ತದೆ, ದಿನವಿಡೀ ಹಂಚಿಕೊಂಡು.

ಇಟಲಿಯಲ್ಲಿ ಮೊದಲ ಸಲ ಕಲ್ಲಾದ 199 ಜನರನ್ನು ಐದು ವರ್ಷ ಗಮನಿಸಿದ್ದರಂತೆ, 1996ರಲ್ಲಿ ಪ್ರಕಟವಾದದ್ದು. ನೀರು ಜಾಸ್ತಿ ಕುಡಿದವರಲ್ಲಿ ನೂರಕ್ಕೆ 12 ಜನರಿಗೆ ಮತ್ತೆ ಕಲ್ಲಾಯಿತು. ಹಾಗೇ ಇದ್ದವರಲ್ಲಿ 27 ಜನರಿಗೆ. ಔಷಧಿ ಇಲ್ಲದೆ ಬರೀ ನೀರಿನಿಂದ ಇಷ್ಟು ವ್ಯತ್ಯಾಸ.

ನಿಂಬೆಹಣ್ಣು ಹಿಂಡಿಕೊಳ್ಳಿ, ಅದರ ಸಿಟ್ರೇಟ್ ಕಲ್ಲು ಕಟ್ಟುವುದನ್ನು ತಡೆಯುತ್ತದೆ. ಉಪ್ಪು ಕಡಿಮೆ ಮಾಡಿ, ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತದೆ. ಕ್ಯಾಲ್ಸಿಯಂ ಕಲ್ಲು ಅಂತ ಹಾಲು ಮೊಸರು ಬಿಡುವವರಿದ್ದಾರೆ, ಬಿಡಬಾರದು. ಬಾಳೆದಿಂಡಿನ ಪಲ್ಯ, ಕೋಸಂಬರಿ ತಿನ್ನಿ, ಒಳ್ಳೆಯದೇ. ಅದರ ರಸದಿಂದಲೇ ದೊಡ್ಡ ಕಲ್ಲು ಕರಗುತ್ತದೆ ಅಂತ ಸ್ಕ್ಯಾನಿಂಗ್ ಮುಂದೂಡಬೇಡಿ. ನೋವಿನ ಜೊತೆ ಜ್ವರ ಬಂದರೆ, ಮೂತ್ರ ಕಟ್ಟಿದರೆ ರಾತ್ರಿಯಾದರೂ ಹೊರಡಿ.

ಡಯಾಲಿಸಿಸ್ ಮನೆ, ಶಿಕಾರಿಪುರ

ಇಲ್ಲಿ ಎಲ್ಲರೂ ಕುಡಿಯಿರಿ ಕುಡಿಯಿರಿ ಅನ್ನುತ್ತಿದ್ದೀರಿ. ದಯವಿಟ್ಟು ನನ್ನ ಮಾತೂ ಓದಿ. ನಮ್ಮ ಯಜಮಾನರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅವರಿಗೆ ಕುಡಿಯುವುದೇ ಕಷ್ಟ. ಅವರ ಕಿಡ್ನಿ ನೀರು ಹೊರಗೆ ಹಾಕುವುದಿಲ್ಲ, ಕುಡಿದದ್ದೆಲ್ಲ ಮೈಯಲ್ಲೇ ಉಳಿಯುತ್ತದೆ. ಕಾಲು ಊದುತ್ತದೆ, ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಮಲಗಲು ಆಗುವುದಿಲ್ಲ. ದಿನಕ್ಕೆ ಇಷ್ಟೇ ಅಂತ ಡಾಕ್ಟರ್ ಅಳತೆ ಹೇಳಿದ್ದಾರೆ. ಸಾರು, ಮಜ್ಜಿಗೆ, ಕಾಫಿ, ಮಾತ್ರೆ ನುಂಗುವ ನೀರು ಎಲ್ಲ ಅದರೊಳಗೇ.

ಮನೆಗೆ ಬಂದ ನೆಂಟರು 'ಪಾಪ ಬಾಯಿ ಒಣಗಿದೆ, ಎಳನೀರು ಕೊಡಿ' ಅನ್ನುತ್ತಾರೆ. ಪ್ರೀತಿಯಿಂದಲೇ ತರುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಇದೆ, ಕಿಡ್ನಿ ಕೆಟ್ಟವರಿಗೆ ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಆರೋಗ್ಯವಂತರಿಗೆ ಅಮೃತ, ಇವರಿಗೆ ಅಪಾಯ. ಹೃದಯ ದುರ್ಬಲ ಇರುವವರಿಗೂ, ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬುವವರಿಗೂ ಡಾಕ್ಟರ್ ಹೇಳಿದ ಅಳತೆಯೇ ಕೊನೆಯ ಮಾತು.

ಬಾಯಾರಿಕೆ ತಡೆಯಲು ನಾವು ಚಿಕ್ಕ ಲೋಟ ಇಟ್ಟಿದ್ದೇವೆ. ಆಗಾಗ ಬಾಯಿ ಮುಕ್ಕಳಿಸಿ ಉಗುಳುತ್ತಾರೆ. ಎಲ್ಲಕ್ಕಿಂತ ಜಾಸ್ತಿ ಉಪಕಾರವಾದದ್ದು ಉಪ್ಪು ಕಡಿಮೆ ಮಾಡಿದ್ದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ನಿಂತ ಮೇಲೆ ನೀರಿನ ಹಂಬಲ ಎಷ್ಟೋ ಇಳಿಯಿತು.

ತೋಟದಮನೆ, ತೀರ್ಥಹಳ್ಳಿ ಕಡೆ

ಅಕ್ಕ, ಬರೆದದ್ದಕ್ಕೆ ತುಂಬಾ ಧನ್ಯವಾದ. ಅಮ್ಮನಿಗೆ ಹೃದಯ, ಕಿಡ್ನಿ ತೊಂದರೆ ಇಲ್ಲ ಅಂತ ಡಾಕ್ಟರ್ ಹತ್ತಿರ ಕೇಳಿಕೊಂಡೆ. ಕುಡಿಯಬಹುದು ಅಂದರು. ಬಿಪಿ ಮಾತ್ರೆ ಬದಲಿಸಿದರು.

ಮನೆಯಲ್ಲಿ ಇಷ್ಟು ಮಾಡಿದ್ದೇವೆ. ಅಮ್ಮನ ಕೋಣೆಯ ಪಕ್ಕದ ಬಚ್ಚಲಿನಲ್ಲೇ ಕಮೋಡ್ ಕುರ್ಚಿ ಇಟ್ಟೆವು, ರಾತ್ರಿ ಅಂಗಳ ದಾಟುವುದು ತಪ್ಪಿತು. ಚಾರ್ಜ್ ಆಗುವ ದೀಪ ಒಂದನ್ನು ದಾರಿಯಲ್ಲಿ ಇಟ್ಟಿದ್ದೇವೆ. ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ಅಡಿಕೆ ದಬ್ಬೆ ಹಾಸಿದೆವು. ಕುಡಿಯುವುದೆಲ್ಲ ಸಂಜೆ ಆರರ ಒಳಗೆ ಜಾಸ್ತಿ, ಆಮೇಲೆ ಕಡಿಮೆ. ಕುದಿಸಿದ ನೀರು ಫ್ಲಾಸ್ಕಿನಲ್ಲಿ ಅವರ ಮಗ್ಗುಲಿಗೇ ಇರುತ್ತದೆ. ಬಿಸಿ ಇದ್ದರೆ ಚಳಿಗೆ ಹಿತವಾಗಿ ಕುಡಿಯುತ್ತಾರೆ. ಕುರ್ಚಿ ಬಂದ ಮೇಲೆ ನಾವು ಹೇಳುವುದೇ ಬೇಡವಾಯಿತು.

ಬಾವಿ ನೀರು ಈಗ ಸ್ವಲ್ಪ ಕದಡಿದೆ. ದಂಬೆ (ಸೀಳಿದ ಮರದ ಕಾಲುವೆ) ನೀರಿನವರೂ ಹಾಗೇ ಕುಡಿಯುತ್ತಾರೆ. ಬೆಟ್ಟದಿಂದ ಬರುವ ನೀರು ಶುದ್ಧ ಅಂತ ನಂಬಿಕೆ. ಕುದಿಸಲೇಬೇಕಾ?

ಸಿಸ್ಟರ್, ಶಿವಮೊಗ್ಗ

ಕುದಿಸಲೇಬೇಕು. ಗಂಗಾ ಸ್ನಾನ ತುಂಗಾ ಪಾನ ಅನ್ನುವ ಊರಿನವರು ನಾವು, ಆದರೆ ಮಳೆಗಾಲದಲ್ಲಿ ಗುಡ್ಡದ ಮೇಲಿನದ್ದೆಲ್ಲ ತೊಳೆದು ಬಾವಿಗೂ ಹೊಳೆಗೂ ಬರುತ್ತದೆ. ಕಾಮಾಲೆ, ಟೈಫಾಯ್ಡ್, ವಾಂತಿ ಭೇದಿ ನೀರಿನಿಂದಲೇ. ಮೊದಲು ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ, ಮುಚ್ಚಿಟ್ಟು ಆರಿಸಿ. ಕುದಿಸಿದ ನೀರಿಗೆ ಕೈ ಅದ್ದಿ ಮೊಗೆಯಬೇಡಿ.

ಭೇದಿ ಶುರುವಾದರೆ ನೀರಿಗೆ ಕಲಸಿ ಕುಡಿಸುವ ಸಕ್ಕರೆ ಉಪ್ಪಿನ ಪುಡಿ, ಓಆರ್‌ಎಸ್. ಒಂದು ಲೀಟರಿನ ಪೊಟ್ಟಣವನ್ನು ಇಡಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಬೇಕು. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಅಂತ ಅಂದಾಜಿನಲ್ಲಿ ಹಾಕುವುದು ಮಕ್ಕಳಿಗೆ ಅಪಾಯ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಕರುಳಿನಲ್ಲಿ ಸಕ್ಕರೆ ಒಳಗೆ ಹೋಗುವಾಗ ಉಪ್ಪನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ, ಅವೆರಡರ ಹಿಂದೆ ನೀರು ಹೋಗುತ್ತದೆ. ಅದಕ್ಕೇ ಬರೀ ನೀರಿಗಿಂತ ಇದು ಕೆಲಸ ಮಾಡುವುದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ ಡ್ರಿಪ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಇದನ್ನೇ ಕಲಸಿ ಇಟ್ಟು ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಸಾವು ಎಷ್ಟೋ ಇಳಿಯಿತು. ಅವರು ತೀರಿಕೊಂಡ ಮೇಲೆ 2023ರಲ್ಲಿ ಪದ್ಮ ವಿಭೂಷಣ ಬಂತು. ಪುಟ್ಟ ಪೊಟ್ಟಣ ಅಂತ ಅಸಡ್ಡೆ ಮಾಡಬೇಡಿ.

ಅಂಗಡಿಯಲ್ಲಿ ಹಣ್ಣಿನ ರುಚಿಯ ಸಿಹಿ ಪಾನೀಯವನ್ನು ಓಆರ್‌ಎಸ್ ಅಂತ ಕೊಟ್ಟರೆ ತೆಗೆದುಕೊಳ್ಳಬೇಡಿ. ಸಕ್ಕರೆ ಜಾಸ್ತಿಯಾದರೆ ಭೇದಿ ಇನ್ನೂ ಹೆಚ್ಚುತ್ತದೆ. ಅಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅಂತ ಹಾಕಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಮಾಡಿದೆ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯಾ ನೋಡಿ.

ಇಷ್ಟು ಹೇಳುವಾಗ ಒಂದು ಬಿಟ್ಟುಹೋಯಿತು. ಎಷ್ಟು ಕುಡಿದರೂ ಬಾಯಾರಿಕೆ ತೀರದಿದ್ದರೆ, ರಾತ್ರಿ ಹಲವು ಸಲ ಮೂತ್ರಕ್ಕೆ ಏಳುವುದಾದರೆ, ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿ.

ಹೊಸ ಬಾಣಂತಿ, ಸೊರಬ

ಎಲ್ಲರ ಮಾತು ಓದಿದೆ. ನನ್ನದೂ ಒಂದು ಕೇಳಲಾ? ಹೆರಿಗೆಯಾಗಿ ಮೂರು ವಾರ. ಅಜ್ಜಿ ನೀರು ಕೊಡಲು ಬಿಡುವುದಿಲ್ಲ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಅಂತ. ಊಟಕ್ಕೆ ಒಣ ಅನ್ನ, ತುಪ್ಪ, ಕಾಳುಮೆಣಸಿನ ಚಟ್ನಿ. ಬಾಯಿ ಒಣಗಿ ಅಂಟುತ್ತದೆ. ಮಲ ಗಟ್ಟಿಯಾಗಿ ಹೊಲಿಗೆ ಹಾಕಿದ ಜಾಗ ಜೀವ ಹೋದ ಹಾಗೆ ನೋಯುತ್ತದೆ. ಅಜ್ಜಿಗೆ ನೋವು ಮಾಡಲು ಮನಸ್ಸಿಲ್ಲ, ನನ್ನನ್ನು ಸಾಕಿದವರು. ಮಗುವಿಗೂ ಎರಡು ಚಮಚ ನೀರು ಹಾಕಬೇಕು ಅನ್ನುತ್ತಾರೆ.

ಸಿಸ್ಟರ್, ಶಿವಮೊಗ್ಗ

ಮಗಳೇ, ಕುಡಿಯಲೇಬೇಕು. ಮಗು ಕುಡಿಯುವ ಹಾಲು ದಿನಕ್ಕೆ ಮುಕ್ಕಾಲು ಲೀಟರಿನವರೆಗೂ ಹೋಗುತ್ತದೆ, ಅದರಲ್ಲಿ ನೂರಕ್ಕೆ 87 ಪಾಲಿನಷ್ಟು ನೀರೇ. ಅದು ನಿನ್ನ ಮೈಯಿಂದಲೇ ಹೋಗಬೇಕು. ಹಾಲೂಡಿಸುವ ತಾಯಿಗೆ ಬೇರೆ ಹೆಂಗಸರಿಗಿಂತ ದಿನಕ್ಕೆ ಸುಮಾರು 700 ಮಿಲಿ ಜಾಸ್ತಿ ಬೇಕು. ಹೊಟ್ಟೆ ಸಡಿಲವಾಗಿರುವುದು ಗರ್ಭಕೋಶ ಮತ್ತು ಸ್ನಾಯು ಹಿಗ್ಗಿದ್ದರಿಂದ, ನೀರಿನಿಂದ ಅಲ್ಲ. ನೀನು ಕುಡಿದ ನೀರಿನಿಂದ ಮಗುವಿಗೆ ಶೀತವಾಗುವುದಿಲ್ಲ. ಹೊಲಿಗೆ ನೋವು, ಮಲಬದ್ಧತೆ, ಉರಿಮೂತ್ರ ಮೂರಕ್ಕೂ ನೀರು ಬೇಕೇ ಬೇಕು. ಬಾಣಂತಿಯ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೇಗೂ ಇರುತ್ತದೆ, ಮೈ ಒಣಗಿದರೆ ಅದು ಇನ್ನೂ ಜಾಸ್ತಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ತಕ್ಷಣ ಬಾ.

ಮಗುವಿಗೆ ಮಾತ್ರ ಆರು ತಿಂಗಳವರೆಗೆ ಒಂದು ಚಮಚವೂ ನೀರು ಬೇಡ. ಎದೆಹಾಲಿನಲ್ಲೇ ಸಾಕಷ್ಟು ಇದೆ, ಬೇಸಿಗೆಯಲ್ಲೂ. ನೀರು ಹಾಕಿದರೆ ಹೊಟ್ಟೆ ತುಂಬಿ ಹಾಲು ಕುಡಿಯುವುದು ಕಡಿಮೆಯಾಗುತ್ತದೆ, ಸೋಂಕಿನ ಭಯ ಬೇರೆ.

ಅಪ್ಪೆಮಿಡಿ, ಸಾಗರ

ತಂಗೀ, ಅಜ್ಜಿಯ ಹತ್ತಿರ ವಾದ ಮಾಡಬೇಡ. ನಮ್ಮ ಕಡೆ ಹಳಬರು ತಣ್ಣೀರಿಗೆ ಹೆದರುತ್ತಾರೆ, ಬಿಸಿ ಕಷಾಯಕ್ಕೆ ಹೆದರುವುದಿಲ್ಲ. ಜೀರಿಗೆ ನೀರು ಕುದಿಸಿ ಕೊಡಲು ಅವರಿಗೇ ಹೇಳು. ಮೆಣಸಿನ ಸಾರು ತೆಳ್ಳಗೆ ಮಾಡಲು ಹೇಳು, ಅನ್ನಕ್ಕೆ ಕಲಸಿ ಮಿಕ್ಕಿದ್ದು ಕುಡಿ. ಬೆಳ್ಳುಳ್ಳಿ ಹಾಕಿದ ಹಾಲು, ಗಂಜಿ. ಅಜ್ಜಿಯ ಕೈಯಿಂದಲೇ ಬಂದದ್ದಾದರೆ ಅವರಿಗೂ ಸಮಾಧಾನ. ಪ್ರತಿ ಸಲ ಮಗುವಿಗೆ ಹಾಲು ಕೊಡಲು ಕೂರುವ ಮೊದಲು ಒಂದು ಲೋಟ ಅಂತ ಇಟ್ಟುಕೋ.

ಹೊಸ ಬಾಣಂತಿ, ಸೊರಬ

ಅಕ್ಕ, ಜೀರಿಗೆ ನೀರಿಗೆ ಒಪ್ಪಿದರು. ದೊಡ್ಡ ಫ್ಲಾಸ್ಕಿನಲ್ಲಿ ಮಾಡಿ ಇಟ್ಟಿದ್ದಾರೆ. ಮಗುವಿಗೆ ನೀರು ಬೇಡ ಅನ್ನುವುದನ್ನು ಇನ್ನೂ ಒಪ್ಪಿಲ್ಲ. ನಾಳೆ ಆಶಾ ಕಾರ್ಯಕರ್ತೆ ಅಕ್ಕ ಬರುತ್ತಾರೆ, ಅವರ ಬಾಯಲ್ಲೇ ಹೇಳಿಸುತ್ತೇನೆ.